ಟೈಪಕ್ಕ ಸಾಹೇಬರನ್ನು ಮಾಯ ಮಾಡಿದ್ದು

ನೀರು ಸರಬರಾಜು ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಟೈಪು ಮಾಡಿದ ಹೆಂಗಸಿಗೆ ಒಂದು ಸಲವಾದರೂ ಜಂಬ ಕೊಚ್ಚಿಕೊಳ್ಳುವ ಹಕ್ಕು ಉಂಟೋ ಇಲ್ಲವೋ ಎಂದು ಕೇಳಿದರೆ, ಉಂಟು ಎಂದೇ ನ್ಯಾಯವಾಗಿ ಹೇಳಬೇಕು. ಆದರೆ ಅದನ್ನು ನಾದಿನಿಯ ಎದುರಿಗೆ ಕೊಚ್ಚಿಕೊಳ್ಳಬಾರದು. ಟೈಪಕ್ಕ ಮಾಡಿದ ತಪ್ಪು ಇಷ್ಟೇ. ಮುಂದೆ ಸಾಹೇಬರ ಪ್ಯಾಂಟು ಸೊಂಟದಲ್ಲಿ ಸಡಿಲವಾದದ್ದಕ್ಕೂ, ಅಟೆಂಡರ್ ಒಳಗೆ ಬಂದರೆ ಇಡೀ ಕಚೇರಿ ಎದ್ದು ನಿಲ್ಲುವಂತಾದದ್ದಕ್ಕೂ ಅವಳೊಬ್ಬಳನ್ನೇ ಹೊಣೆ ಮಾಡುವುದು ಸರಿಯಲ್ಲ.

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಕ್ಷೇಮವಾಗಿತ್ತು. ಜನರ ಬಾಯಲ್ಲಿ ಅವಳು ಟೈಪಕ್ಕ. ಮೊದಲು ಮೆಷಿನ್ ಇತ್ತು, ಆಮೇಲೆ ಕಂಪ್ಯೂಟರ್ ಬಂತು, ಟೈಪಕ್ಕ ಟೈಪಕ್ಕನಾಗಿಯೇ ಉಳಿದಳು. ಅವಳ ಕುರ್ಚಿಗೆ ಕೈಗಳಿರಲಿಲ್ಲ. ಒಂದು ಕಾಲು ಗಿಡ್ಡವಾಗಿದ್ದುದರಿಂದ ಅದರ ಕೆಳಗೆ ಹಳೆಯ ಸುತ್ತೋಲೆಯೊಂದನ್ನು ಎಂಟು ಮಡಿಕೆ ಮಾಡಿ ಇಟ್ಟಿದ್ದಳು. ಎದುರಿಗೇ ಕಿಟಕಿಯ ಪಕ್ಕದಲ್ಲಿ ಹಿರಿಯ ಗುಮಾಸ್ತರ ಕುರ್ಚಿ. ಅದಕ್ಕೆ ಎರಡು ಕೈ, ಐದು ಗಾಲಿ, ಬೆನ್ನಿಗೆ ಬಲೆಯಂಥ ಹೆಣಿಗೆ. ಹಿರಿಯ ಗುಮಾಸ್ತರು ಆ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಆ ಜಾಗಕ್ಕೆ ಟೈಪಕ್ಕನನ್ನು ಶಿಫಾರಸು ಮಾಡುವ ಫೈಲು ಸಾಹೇಬರ ಮೇಜಿನ ಮೇಲೆ ಗಾಜಿನ ಗುಂಡಿನ ಕೆಳಗೆ ಎಂಟು ತಿಂಗಳಿಂದ ಮಲಗಿತ್ತು. ಒಂದೇ ಒಂದು ಸಹಿ ಬೇಕಾಗಿತ್ತು. ಕೇಳಿದಾಗಲೆಲ್ಲ ಸಾಹೇಬರು ಗುಂಡನ್ನು ಅರ್ಧ ಸುತ್ತು ತಿರುಗಿಸಿ "ನೋಡೋಣ" ಎನ್ನುತ್ತಿದ್ದರು.

ಒಂದು ಭಾನುವಾರ ನಾದಿನಿ ಬಂದಳು. ಚಪ್ಪಲಿ ಬಿಡುವ ಮೊದಲೇ ಫೋನು ಮುಂದೆ ಹಿಡಿದಳು. ಅವಳ ಮಾವನವರ ಹುಟ್ಟುಹಬ್ಬಕ್ಕೆ ಮಾಡಿಸಿದ ವಿಡಿಯೊ. ಖಾಲಿ ಗೋಡೆಯ ಮುಂದೆ ಮನೆಯವರೆಲ್ಲ ಒಬ್ಬೊಬ್ಬರಾಗಿ ಮಂಜಿನಿಂದ ಎದ್ದು ಬಂದಂತೆ ಮೂಡುತ್ತಾರೆ, ಕೊನೆಗೆ ಒಂದು ಕೇಕು ತೇಲಿಕೊಂಡು ಬಂದು ಮಾವನವರ ಮುಂದೆ ನಿಲ್ಲುತ್ತದೆ.

"ಇದಕ್ಕೆ ಲೇಯರ್, ಕೀಫ್ರೇಮ್ ಅಂತೆಲ್ಲ ಇರುತ್ತೆ ಅತ್ತಿಗೆ. ಸ್ಟುಡಿಯೋದವನು ಮಾಡಿಕೊಟ್ಟ. ನಿಮಗೆ ಗೊತ್ತಾಗಲ್ಲ ಬಿಡಿ, ನಿಮ್ಮದು ಬರೀ ಟೈಪಿಂಗು."

ಆ 'ಬರೀ' ಇಲ್ಲದೆ ಹೋಗಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ.

"ಇದೇನು ಮಹಾ ಕಣೇ," ಎಂದಳು ಟೈಪಕ್ಕ, ಲೋಟ ಒರೆಸುತ್ತಾ. "ನಮ್ಮ ಆಫೀಸಲ್ಲಿ ಇಂಥದ್ದೆಲ್ಲ ನಾನೇ ಮಾಡೋದು."

ಪೇಪರಿನ ಹಿಂದಿನಿಂದ ಅವಳ ಗಂಡ ಕೆಮ್ಮಿದ. ಅದು ನೆಗಡಿಯ ಕೆಮ್ಮಲ್ಲ.

ನಾದಿನಿಗೂ ಸಾಹೇಬರ ಹೆಂಡತಿಗೂ ದರ್ಜಿ ಒಬ್ಬನೇ. ಮಂಗಳವಾರ ಇಬ್ಬರೂ ಅಳತೆ ಕೊಡಲು ಹೋಗಿದ್ದರು. ಬುಧವಾರ ಹತ್ತೂಕಾಲಿಗೆ ಸಾಹೇಬರು ಟೈಪಕ್ಕನನ್ನು ಕರೆಸಿದರು.

"ಏನ್ ಟೈಪಕ್ಕ, ಇಷ್ಟು ದೊಡ್ಡ ವಿದ್ಯೆ ಇಟ್ಕೊಂಡು ಸುಮ್ನೆ ಕೂತಿದ್ದೀಯಲ್ಲ. ಹಿರಿಯ ಗುಮಾಸ್ತರ ಬೀಳ್ಕೊಡುಗೆಗೆ ಒಂದು ಅನಿಮೇಷನ್ ಮಾಡಿಬಿಡು. ಹೆಡ್ಡಾಫೀಸಿನ ಡೈರೆಕ್ಟರೂ ಬರ್ತಾರೆ." ಗಾಜಿನ ಗುಂಡನ್ನು ಅರ್ಧ ಸುತ್ತು ತಿರುಗಿಸಿದರು. "ಅದು ಚೆನ್ನಾಗಿ ಬಂದ್ರೆ, ಇದನ್ನೂ... ನೋಡೋಣ."

ಇಲ್ಲ ಎನ್ನಲು ಟೈಪಕ್ಕ ಬಾಯಿ ತೆರೆದಳು. ಗುಂಡಿನ ಕೆಳಗೆ ತನ್ನ ಹೆಸರಿನ ಮೊದಲ ಎರಡು ಅಕ್ಷರ ಗಾಜಿನಲ್ಲಿ ದಪ್ಪಗೆ ಉಬ್ಬಿ ಕಾಣುತ್ತಿದ್ದವು. ಬಾಯಿ "ಆಗಲಿ ಸರ್" ಎಂದು ಮುಚ್ಚಿಕೊಂಡಿತು.

ಆ ಮಧ್ಯಾಹ್ನವೇ ಕಚೇರಿಯ ಮೆಟ್ಟಿಲ ಮುಂದೆ ಎಲ್ಲರನ್ನೂ ನಿಲ್ಲಿಸಿ ಫೋಟೊ ತೆಗೆದಳು. ಮುಂದಿನ ಸಾಲಿನಲ್ಲಿ ಎರಡು ಕುರ್ಚಿ: ಒಂದರಲ್ಲಿ ಸಾಹೇಬರು, ಇನ್ನೊಂದರಲ್ಲಿ ಮಡಿಲಲ್ಲಿ ಛತ್ರಿ ಇಟ್ಟುಕೊಂಡ ಹಿರಿಯ ಗುಮಾಸ್ತರು. ಹಿಂದೆ ಕ್ಯಾಷಿಯರ್, ಸ್ಟೋರ್‌ಕೀಪರ್, ಮೀಟರ್ ರೀಡರ್. ಎಡಗಡೆ ತುದಿಯಲ್ಲಿ ಹೂಗುಚ್ಛ ಹಿಡಿದ ಅಟೆಂಡರ್. ಒಟ್ಟು ಆರು ಜನ. ಕಚೇರಿಯಲ್ಲಿದ್ದವರು ಏಳು ಜನ ಎಂಬುದು ಯಾರಿಗೂ ನೆನಪಾಗಲಿಲ್ಲ, ಫೋಟೊ ತೆಗೆಯುತ್ತಿದ್ದವಳಿಗೂ. ಎಲ್ಲರೂ ಎದ್ದು ಹೋದ ಮೇಲೆ ಖಾಲಿ ಕುರ್ಚಿಗಳದ್ದೂ ಒಂದು ತೆಗೆದಿಟ್ಟುಕೊಂಡಳು. ಅನಿಮೇಷನ್ ಕಲಿಯಲು ಫೋನಿನಲ್ಲಿ ಹುಡುಕಿಕೊಂಡ ವಿಡಿಯೊ ಪಾಠದಲ್ಲಿ ಹಾಗೆ ಮಾಡಬೇಕೆಂದು ಹೇಳಿದ್ದರು.

ಪಾಠ ಹೇಳುವವನು ಬಸ್ಸು ತಪ್ಪಿಹೋಗುತ್ತದೆ ಎಂಬಂತೆ ಮಾತಾಡುತ್ತಿದ್ದ. ಆದರೂ ಟೈಪಕ್ಕ ಊಟದ ವಿರಾಮಗಳಲ್ಲಿ ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ಕಲಿತಳು. ಒಬ್ಬೊಬ್ಬರನ್ನೂ ಅಂಚು ಹಿಡಿದು ಕತ್ತರಿಸಿ ಒಂದೊಂದು ಲೇಯರಿನಲ್ಲಿ ಇಡಬೇಕು; ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ. ಎಲ್ಲಕ್ಕೂ ಕೆಳಗೆ ಖಾಲಿ ಕುರ್ಚಿಗಳ ಚಿತ್ರ. ಪರದೆಯ ಅಡಿಯಲ್ಲಿ ಸಮಯದ ಪಟ್ಟಿ. ಅದರ ಮೇಲೆ ಒಂದು ಕಡೆ ವಜ್ರದಾಕಾರದ ಪುಟ್ಟ ಗುರುತು ಒತ್ತಿ 'ಇಲ್ಲಿ ಹೀಗಿರು' ಎಂದು ಹೇಳಬೇಕು, ಇನ್ನೊಂದು ಕಡೆ ಇನ್ನೊಂದು ಗುರುತು ಒತ್ತಿ 'ಇಲ್ಲಿ ಹಾಗಿರು' ಎನ್ನಬೇಕು. ಈ ಗುರುತೇ ಕೀಫ್ರೇಮ್. ನಡುವಿನದನ್ನೆಲ್ಲ ಯಂತ್ರ ತಾನಾಗಿಯೇ ತುಂಬಿಕೊಳ್ಳುತ್ತದೆ. ಈ ಮಾತನ್ನು ಟೈಪಕ್ಕ ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಕೇಳಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಎರಡು ತುದಿ ಹೇಳಿದರೆ ನಡುವಿನದನ್ನು ತಾನಾಗಿ ಮಾಡಿ ಮುಗಿಸಿದವರು ಮನೆಯಲ್ಲಾಗಲೀ ಕಚೇರಿಯಲ್ಲಾಗಲೀ ಒಬ್ಬರೂ ಇರಲಿಲ್ಲ.

ಒಪ್ಯಾಸಿಟಿ ಎಂಬುದೊಂದಿತ್ತು. ಸೊನ್ನೆ ಎಂದರೆ ಮನುಷ್ಯ ಕಾಣುವುದೇ ಇಲ್ಲ, ನೂರು ಎಂದರೆ ಪೂರ್ತಿ ಕಾಣುತ್ತಾನೆ. ಎಲ್ಲರೂ ಸೊನ್ನೆಯಿಂದ ನೂರಕ್ಕೆ ಬರಬೇಕು. ಹೂಗುಚ್ಛ ಅಟೆಂಡರನ ಕೈಯಿಂದ ತೇಲಿ ಸಾಹೇಬರ ಮಡಿಲಿಗೆ ಬರಬೇಕು. ಯೋಜನೆ ಹೀಗಿತ್ತು.

ಆಗಿದ್ದು ಬೇರೆ. ಮೊದಲ ದಿನ ವಿದ್ಯೆ ಪೂರ್ತಿ ತಲೆಗೆ ಹತ್ತುವ ಮೊದಲು ಅವಳು ಮೂರು ಜನರಿಗೆ ಗುರುತು ಹಾಕಿದ್ದಳು: ಸಾಹೇಬರು, ಕ್ಯಾಷಿಯರ್, ಸ್ಟೋರ್‌ಕೀಪರ್. ಅವರಿಗೆ ನೂರು ಮೊದಲು, ಸೊನ್ನೆ ಕೊನೆಗೆ ಬಿದ್ದುಬಿಟ್ಟಿತ್ತು. ಉಳಿದವರಿಗೆ ಸರಿಯಾಗಿತ್ತು. ಹೂಗುಚ್ಛವನ್ನು ಸರಿಸುವಾಗ ಪಕ್ಕದ ಪಟ್ಟಿಯಲ್ಲಿ ಆರಿಸಿಕೊಂಡಿದ್ದು ಹೂಗುಚ್ಛದ ಲೇಯರನ್ನಲ್ಲ, ಅಟೆಂಡರನ ಲೇಯರನ್ನು. ಸೋಮವಾರ ಸಂಜೆ ಐದಕ್ಕೆ ಸಾಹೇಬರು "ಆಯ್ತಾ?" ಎಂದರು. ಐದೂಹತ್ತಕ್ಕೆ ಅವಳ ಬಸ್ಸು. ಮೊದಲ ಎರಡು ಸೆಕೆಂಡು ನೋಡಿ, ಏನೋ ಅಲುಗಾಡುತ್ತಿದೆ ಎಂದು ಖಾತ್ರಿ ಮಾಡಿಕೊಂಡು, ಸಾಹೇಬರ ಫೋನಿಗೆ ಕಳಿಸಿ ಓಡಿದಳು.

ಸಾಹೇಬರು ಮೊದಲ ಒಂದು ಸೆಕೆಂಡು ನೋಡಿದರು. ದೊಡ್ಡ ಹುದ್ದೆಯವರಿಗೆ ಅಷ್ಟು ಸಾಕು. 'ನಮ್ಮ ಕಚೇರಿಯ ಹೆಮ್ಮೆ, ನನ್ನ ಮಾರ್ಗದರ್ಶನದಲ್ಲಿ' ಎಂದು ಬರೆದು ಕಚೇರಿಯ ಗುಂಪಿಗೂ ಹೆಡ್ಡಾಫೀಸಿನ ಗುಂಪಿಗೂ ಕಳಿಸಿದರು.

ಇಲ್ಲೊಂದು ವಿಷಯ ಹೇಳಲೇಬೇಕು. ಅದು ವರ್ಗಾವಣೆಯ ತಿಂಗಳು. ಸುತ್ತಲಿನ ಎಂಟು ಕಚೇರಿಗಳ ಗುಪ್ತ ವರ್ಗಾವಣೆ ಪಟ್ಟಿಯನ್ನು ಪ್ರತಿ ವರ್ಷ ಟೈಪು ಮಾಡುತ್ತಿದ್ದವಳು ಟೈಪಕ್ಕನೇ. ಅವಳಿಗೆ ಆ ಕೆಲಸ ಕೊಡುತ್ತಿದ್ದುದಕ್ಕೆ ಕಾರಣ, ಅಕ್ಷರಗಳು ಅವಳ ಕಣ್ಣಿನಿಂದ ನೇರ ಬೆರಳಿಗೆ ಇಳಿಯುತ್ತಿದ್ದವೇ ಹೊರತು ತಲೆಯ ಕಡೆಗೆ ಹೋಗುತ್ತಿರಲಿಲ್ಲ. ಒಮ್ಮೆ ತನ್ನದೇ ರಜೆಯ ಅರ್ಜಿ ತಿರಸ್ಕರಿಸಿದ ಪತ್ರವನ್ನು ಒಂದೂ ತಪ್ಪಿಲ್ಲದೆ ಟೈಪು ಮಾಡಿ, ಮರುದಿನ ಅದು ಕೈಗೆ ಬಂದಾಗ ಬೆಚ್ಚಿಬಿದ್ದಿದ್ದಳು. ಈ ವರ್ಷದ ಪಟ್ಟಿ ಇನ್ನೂ ಬಂದೇ ಇರಲಿಲ್ಲ. ಆದರೆ ಅವಳ ಬೀಗ ಹಾಕಿದ ಡ್ರಾಯರಿನಲ್ಲಿ ಅದು ಇದೆ ಎಂದು ಎಲ್ಲರೂ ನಂಬಿದ್ದರು. ಡ್ರಾಯರಿನಲ್ಲಿ ಇದ್ದದ್ದು ಒಂದು ಬಾಚಣಿಗೆ, ನಾಲ್ಕು ಪಿನ್ನು, ಅರ್ಧ ಪೊಟ್ಟಣ ಬಿಸ್ಕತ್ತು.

ಮಂಗಳವಾರ ಬೆಳಗ್ಗೆ ಟೈಪಕ್ಕ ಒಳಗೆ ಬಂದಾಗ ಕಚೇರಿ ಸಾವಿನ ಮನೆಯ ಹಾಗಿತ್ತು. ಕ್ಯಾಷಿಯರ್ ಅವಳ ಮೇಜಿನ ಮುಂದೆ ಬಂದು ನಿಂತ. ಮುಖ ಹುಳ್ಳಗಾಗಿತ್ತು.

"ಹನ್ನೊಂದು ವರ್ಷ ಒಂದೇ ಫ್ಲಾಸ್ಕಿನಿಂದ ಟೀ ಕುಡಿದಿದ್ದೀವಿ ಟೈಪಕ್ಕ. ಒಂದು ಮಾತು ಮೊದಲೇ ಕಿವೀಲಿ ಹಾಕಬಾರದಾಗಿತ್ತಾ?"

"ಏನಂತ?"

"ಏನಂತ ಅಂತೆ," ಎಂದ ಸ್ಟೋರ್‌ಕೀಪರ್ ಕಪಾಟಿನ ಹಿಂದಿನಿಂದ. "ಊರಿಗೆಲ್ಲ ಸಿನಿಮಾ ತೋರಿಸಿ, ಏನಂತ ಅಂತೆ."

ಆಗ ಟೈಪಕ್ಕ ತನ್ನ ವಿಡಿಯೊವನ್ನು ಮೊದಲ ಬಾರಿ ಕೊನೆಯವರೆಗೂ ನೋಡಿದಳು. ಹಿರಿಯ ಗುಮಾಸ್ತರೂ ಮೀಟರ್ ರೀಡರೂ ಮಂಜಿನಿಂದ ಗಂಭೀರವಾಗಿ ಮೂಡಿಬಂದರು. ಅತ್ತ ಕ್ಯಾಷಿಯರ್ ಮಸುಕಾದ. ಸ್ಟೋರ್‌ಕೀಪರ್ ಮಸುಕಾದ. ಸಾಹೇಬರು ಮೊದಲು ಕೋಟು, ಆಮೇಲೆ ಕನ್ನಡಕ ಎಂಬಂತೆ ಕರಗಿ ಗೋಡೆಯಾಗಿಬಿಟ್ಟರು. ಖಾಲಿ ಕುರ್ಚಿ ಉಳಿಯಿತು. ಎಡಗಡೆಯಿಂದ ಅಟೆಂಡರ್ ಕಾಲೆತ್ತದೆ, ಗಾಲಿ ಕಟ್ಟಿದವನಂತೆ ಜಾರಿ ಬಂದು ಸಾಹೇಬರ ಕುರ್ಚಿಯ ಮೇಲೆ ನಿಂತು ಮುಗುಳ್ನಕ್ಕ. ಹೂಗುಚ್ಛ ಮಾತ್ರ ಅವನು ಬಿಟ್ಟು ಬಂದ ಜಾಗದಲ್ಲಿ ಗಾಳಿಯಲ್ಲಿ ತೂಗುತ್ತಿತ್ತು.

"ಅಯ್ಯೋ, ಇದು ತಪ್ಪಾಗಿದ್ದು," ಎಂದಳು. "ಗುರುತು ಹಿಂದುಮುಂದಾಗಿದೆ. ಯಾವ ಲೇಯರೋ ಹಿಡಿಯೋಕೆ ಹೋಗಿ ಯಾವುದೋ ಹಿಡಿದಿದ್ದೀನಿ."

ಕ್ಯಾಷಿಯರ್ ನಿಟ್ಟುಸಿರು ಬಿಟ್ಟ. "ನೀವು ಹಾಗೇ ಹೇಳಬೇಕು. ವರ್ಗಾವಣೆ ಪಟ್ಟಿ ಅಂದ್ರೆ ಗುಪ್ತ ಕೆಲಸ. ನನಗೆ ಅರ್ಥ ಆಗುತ್ತೆ."

"ಗುಪ್ತ ಏನೂ ಇಲ್ಲ ಕಣ್ರೀ."

"ನೋಡಿ, ಹೇಗೆ ಹೇಳ್ತಾರೆ," ಎಂದು ಸ್ಟೋರ್‌ಕೀಪರ್ ಮೆಚ್ಚುಗೆಯಿಂದ ತಲೆ ಅಲ್ಲಾಡಿಸಿದ. "ಮುಖದಲ್ಲಿ ಒಂದು ಗೆರೆ ಅಲುಗಾಡಲ್ಲ."

ನೂರಕ್ಕೆ ನೂರು ಕಾಣಿಸಿಕೊಂಡ ಮೀಟರ್ ರೀಡರ್ ಆ ದಿನ ಎಲ್ಲರಿಗೂ ಟೀ ಕೊಡಿಸಿದ. ಅಟೆಂಡರ್ ಟೀ ತಂದು ಇಡುವಾಗ ಮಸುಕಾದವರಿಬ್ಬರೂ ತಮಗರಿವಿಲ್ಲದೆ ಎದ್ದು ನಿಂತರು. ಅವನು ಹಿಂದೆ ಯಾರು ಬಂದರು ಎಂದು ತಿರುಗಿ ನೋಡಿದ. ಯಾರೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ವಿಷಯ ತಿಳಿದು ಟೈಪಕ್ಕನ ಬಳಿ ಬಂದ.

"ಅಕ್ಕ, ನಂಗೆ ಆ ಕುರ್ಚಿ ಗಿರ್ಚಿ ಬೇಡ. ಮೇಲಿನೋರಿಗೆ ಹೇಳಿ, ನನ್ನ ಸ್ಟೂಲನ್ನ ಸಾಹೇಬ್ರ ಫ್ಯಾನಿನ ಕೆಳಗೆ ಹಾಕ್ಸಿ. ಅಷ್ಟು ಸಾಕು."

ಇಡೀ ಕಚೇರಿಯಲ್ಲಿ ತನಗೆ ಏನು ಬೇಕೆಂದು ಸ್ಪಷ್ಟವಾಗಿ ತಿಳಿದಿದ್ದವನು ಅವನೊಬ್ಬನೇ.

ಒಳಗೆ ಸಾಹೇಬರು ಬಾಗಿಲು ಮುಚ್ಚಿಕೊಂಡು ತಮ್ಮನ್ನು ತಾವು ಹದಿನೇಳು ಸಲ ಮಾಯವಾಗುವುದನ್ನು ನೋಡಿದ್ದರು. ಹದಿನೆಂಟನೆಯ ಸಲಕ್ಕೆ ಹೆಡ್ಡಾಫೀಸಿನ ಡೈರೆಕ್ಟರಿಗೆ ಫೋನು ಮಾಡಿದರು. ಡೈರೆಕ್ಟರೂ ವಿಡಿಯೊ ನೋಡಿ ಕಂಗಾಲಾಗಿದ್ದರು. ಪಟ್ಟಿ ಮಾಡಬೇಕಾದವರು ಅವರೇ, ಅವರಿನ್ನೂ ಮಾಡಿರಲಿಲ್ಲ. ಹಾಗಾದರೆ ತಮ್ಮನ್ನು ಕೇಳದೆ ತಮಗಿಂತ ಮೇಲಿನವರು ಯಾರೋ ಮಾಡಿಬಿಟ್ಟಿದ್ದಾರೆ ಎಂದು ತಿಳಿದು, ತಮಗೆ ಗೊತ್ತಿಲ್ಲ ಎಂಬುದು ಯಾರಿಗೂ ಗೊತ್ತಾಗದಿರಲಿ ಎಂದು ದನಿ ತಗ್ಗಿಸಿ, "ಇದನ್ನೆಲ್ಲ ಫೋನಲ್ಲಿ ಮಾತಾಡಬಾರದು. ನಿಮಗೇ ಗೊತ್ತಲ್ಲ," ಎಂದು ಇಟ್ಟುಬಿಟ್ಟರು.

ಸಾಹೇಬರು ಟೈಪಕ್ಕನನ್ನು ಕರೆಸಿದರು. ಈ ಸಲ ಗಂಟೆ ಒತ್ತಲಿಲ್ಲ, ತಾವೇ ಬಾಗಿಲವರೆಗೆ ಬಂದರು.

"ಬನ್ನಿ ಮೇಡಂ. ಕೂತ್ಕೊಳ್ಳಿ."

ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಯ ಅತಿಥಿಗಳ ಕುರ್ಚಿಯಲ್ಲಿ ಅವಳು ಕೂತದ್ದು ಅದೇ ಮೊದಲು. ಅದು ಕಿರ್ರೆಂದಿತು.

"ಮೇಡಂ, ನಾನೀಗ ಎಷ್ಟರಲ್ಲಿದ್ದೀನಿ?"

"ಎಲ್ಲಿ ಸರ್?"

"ಅದೇ... ನಿಮ್ಮದರಲ್ಲಿ."

"ಸೊನ್ನೆ ಸರ್. ಅದು ನನ್ನ ತಪ್ಪು. ನೂರು ಮಾಡಬಹುದು, ಎರಡು ನಿಮಿಷದ ಕೆಲಸ."

ಸಾಹೇಬರು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. "ಎರಡೇ ನಿಮಿಷ," ಎಂದರು ಮೆಲ್ಲಗೆ, ಮೂವತ್ತು ವರ್ಷದ ಸರ್ವೀಸನ್ನು ಎರಡು ನಿಮಿಷದಿಂದ ಭಾಗಿಸುವವರ ಹಾಗೆ. ಆಮೇಲೆ ಗಾಜಿನ ಗುಂಡನ್ನು ಎತ್ತಿದರು. ತಿರುಗಿಸಲಿಲ್ಲ, ಎತ್ತಿಯೇಬಿಟ್ಟರು. ಕೆಳಗಿನ ಫೈಲಿನ ಮೇಲೆ ಗುಂಡಿನ ಅಗಲದ ಬೆಳ್ಳನೆಯ ವೃತ್ತ ಮೂಡಿತ್ತು, ಸುತ್ತ ಎಂಟು ತಿಂಗಳ ಧೂಳು. ಸಹಿ ಹಾಕಿದರು. ಒಂದು ಸಾಲದೆಂದು ಪ್ರತಿ ಪುಟಕ್ಕೂ ಹಾಕಿದರು.

"ಸರ್, ನಾನು ನಿಜ ಹೇಳ್ತಿದ್ದೀನಿ, ನನಗೆ ಏನೂ ಗೊತ್ತಿಲ್ಲ. ನಾನು ತಪ್ಪು ಲೇಯರ್..."

"ಬೇಡ ಮೇಡಂ. ನೀವು ಹೇಳಬೇಡಿ, ನಾನು ಕೇಳೋದಿಲ್ಲ. ನೂರು ಮಾಡಿದ್ರೆ ಸಾಕು."

ಟೈಪಕ್ಕ ಒಟ್ಟು ಐದು ಸಲ ನಿಜ ಹೇಳಿದಳು ಎಂಬುದು ದಾಖಲಾಗಿರಲಿ. ಐದು ಸಲವೂ ಅವಳ ಗೌರವ ಹೆಚ್ಚಿತು. ಆರನೆಯ ಸಲ ಹೇಳುವಷ್ಟು ಅವಳು ದಡ್ಡಿಯಲ್ಲ.

ಸಂಜೆ ಮನೆಗೆ ಬಂದರೆ ಹೊಸ್ತಿಲಲ್ಲಿ ಕ್ಯಾಷಿಯರನ ಹೆಂಡತಿ ಬುಟ್ಟಿ ಹಣ್ಣಿನೊಂದಿಗೆ ಕಾದಿದ್ದಳು.

"ಅಕ್ಕ, ನಿಮ್ಮ ತಮ್ಮ ಅಂದ್ಕೊಳ್ಳಿ ಇವರನ್ನ. ಅತ್ತೆಗೆ ಮಂಡಿ ಆಪರೇಷನ್ ಆಗಿದೆ, ಮೆಟ್ಟಿಲು ಹತ್ತೋ ಹಾಗಿಲ್ಲ. ಹೊಸ ಊರಲ್ಲಿ ನೆಲಮಹಡಿ ಮನೆ ಎಲ್ಲಿ ಹುಡುಕಲಿ? ನೂರು ಆಗದಿದ್ರೆ ಒಂದು ಎಪ್ಪತ್ತಕ್ಕಾದ್ರೂ ಇಡಿ."

"ಎಪ್ಪತ್ತಕ್ಕಿಟ್ರೆ ಆ ಕಡೆ ಗೋಡೆ ಕಾಣುತ್ತಮ್ಮ," ಎಂದಳು ಟೈಪಕ್ಕ ಸುಸ್ತಾಗಿ.

"ಕಾಣಲಿ ಬಿಡಿ ಅಕ್ಕ. ಮನೇಲೂ ಹಾಗೇ ಇರ್ತಾರೆ."

ಬುಟ್ಟಿಯನ್ನು ವಾಪಸು ಕಳಿಸುವಷ್ಟರಲ್ಲಿ ಸಾಕುಸಾಕಾಯಿತು. ಒಳಗೆ ಗಂಡ ಪೇಪರು ಮಡಚಿಟ್ಟಿದ್ದ. ಆ ಮನೆಯಲ್ಲಿ ಅದೊಂದು ಘಟನೆ.

"ಏನೇ, ನೀನು ಕೂತಲ್ಲೇ ಜನರನ್ನ ಮಾಯ ಮಾಡ್ತೀಯಂತೆ?"

"ಯಾರು ಹೇಳಿದ್ದು ನಿಮಗೆ?"

"ಕೆಳಗಿನ ಮನೆಯವರು. ಅದಿರಲಿ, ನಮ್ಮ ಆಫೀಸಲ್ಲಿ ಒಬ್ಬ ಇದ್ದಾನೆ." ಜೇಬಿನಿಂದ ಫೋನು ತೆಗೆದ. "ಫೋಟೊ ಸ್ವಲ್ಪ ಅಲುಗಾಡಿದೆ. ನಡೆಯುತ್ತಾ?"

ಅಷ್ಟರಲ್ಲಿ ನಾದಿನಿಯ ಫೋನು ಬಂತು. "ಅತ್ತಿಗೆ, ನಮ್ಮತ್ತಿಗೆ ಎಂಥವರು ಅಂತ ನಾನು ಮೊದಲಿಂದಲೂ ಎಲ್ಲರ ಹತ್ರ ಹೇಳ್ತಾನೇ ಇದ್ದೆ," ಎಂದಳು. 'ಬರೀ' ಎಂಬ ಮಾತು ಅವಳ ಬಾಯಲ್ಲಿ ಮತ್ತೆಂದೂ ಕೇಳಲಿಲ್ಲ.

ಬೀಳ್ಕೊಡುಗೆಯ ದಿನ ಟೈಪಕ್ಕ ತಿದ್ದಿದ ವಿಡಿಯೊ ತಂದಳು. ಯಾರನ್ನೂ ನೋಯಿಸುವ ಗೊಡವೆಯೇ ಬೇಡವೆಂದು ಆರೂ ಜನರಿಗೆ ಮೊದಲಿಂದ ಕೊನೆಯವರೆಗೆ ನೂರು ಇಟ್ಟಿದ್ದಳು. ಅಲುಗಾಡುತ್ತಿದ್ದುದು ಹೂಗುಚ್ಛ ಒಂದೇ. ಸ್ಟೋರ್‌ರೂಮಿನ ಬಿಳಿ ಗೋಡೆಯ ಮೇಲೆ ವಿಡಿಯೊ ಮೂಡಿದಾಗ ಎಲ್ಲರೂ ತಮ್ಮ ತಮ್ಮ ಮುಖವನ್ನೇ ನೋಡುತ್ತಿದ್ದರು. ಕೊನೆಗೂ ಯಾರೂ ಕರಗಲಿಲ್ಲ ಎಂದು ಖಾತ್ರಿಯಾದಾಗ ಕ್ಯಾಷಿಯರ್ ಕಣ್ಣೊರೆಸಿಕೊಂಡ, ಸ್ಟೋರ್‌ಕೀಪರ್ ಅವನನ್ನು ತಬ್ಬಿಕೊಂಡ, ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಡೈರೆಕ್ಟರು, ಮೇಲಿನವರ ಮನಸ್ಸು ಬದಲಾಗಿದೆ ಎಂದು ತಮಗೂ ಈಗಷ್ಟೇ ತಿಳಿಯಿತು ಎಂಬುದನ್ನು ಮುಚ್ಚಿಟ್ಟುಕೊಂಡು, ಎಲ್ಲ ತಿಳಿದವರಂತೆ ನಕ್ಕರು. ಹಿರಿಯ ಗುಮಾಸ್ತರಿಗೆ ಶಾಲು ಹೊದಿಸುವುದನ್ನು ಮರೆತೇಬಿಟ್ಟಿದ್ದರು. ಅಟೆಂಡರ್ ನೆನಪಿಸಿದ.

ಹಿರಿಯ ಗುಮಾಸ್ತರು ಮಾತ್ರ ವಿಡಿಯೊವನ್ನು ಇನ್ನೊಂದು ಸಲ ಹಾಕಿಸಿಕೊಂಡು ನೋಡಿದರು. ಛತ್ರಿ ಹಿಡಿದು ಹೊರಟರು.

ಟೈಪಕ್ಕನ ಬಡ್ತಿಯ ಆದೇಶವೂ ಅಂದೇ ಕೈಗೆ ಬಂದಿತ್ತು. ಶನಿವಾರ, ಭಾನುವಾರ ಕೂತು ಅವಳೊಂದು ದಿಂಬು ಹೊಲಿದಳು. ನೀಲಿ ಬಟ್ಟೆ, ಅಂಚಿಗೆ ಬಿಳಿ ದಾರ. ಗಾಲಿ ಕುರ್ಚಿಯ ಅಳತೆಯನ್ನು ಅವಳು ಎಂಟು ತಿಂಗಳ ಹಿಂದೆಯೇ, ಯಾರೂ ಇಲ್ಲದಾಗ, ಗೇಣಿನಲ್ಲಿ ತೆಗೆದುಕೊಂಡಿದ್ದಳು.

ಸೋಮವಾರ ಹತ್ತಕ್ಕೆ ಹತ್ತು ನಿಮಿಷ ಇರುವಾಗ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರೆ, ಗೋಡೆಯ ಮೊಳೆಯಲ್ಲಿ ಛತ್ರಿ ತೂಗುತ್ತಿತ್ತು. ಅದರ ಕೆಳಗೆ ಗಾಲಿ ಕುರ್ಚಿಯಲ್ಲಿ ಹಿರಿಯ ಗುಮಾಸ್ತರು ಪೆನ್ನಿಗೆ ಶಾಯಿ ತುಂಬುತ್ತಿದ್ದರು.

"ಸರ್," ಎಂದಳು. "ನೀವು ಏನಾದ್ರೂ ಮರೆತು ಹೋಗಿದ್ರಾ?"

"ಮರೀತೀನಾ? ಎರಡು ಸಲ ನೋಡಿದೆ ಕಣಮ್ಮ. ಕೊನೇವರೆಗೂ ನೂರಕ್ಕೆ ನೂರು ಕೂತಿದ್ದೆ. ಹೋಗಬೇಕಾದವನು ನಾನೊಬ್ಬ, ನನ್ನನ್ನೇ ನೀನು ಮಾಯ ಮಾಡಲಿಲ್ಲ ಅಂದ್ರೆ ಏನರ್ಥ?" ದನಿ ತಗ್ಗಿಸಿದರು. "ನೀನು ಬಾಯಿಬಿಟ್ಟು ಹೇಳೋ ಹಾಗಿಲ್ಲ, ಗೊತ್ತು. ಸೇವೆ ಮುಂದುವರಿಸಿದ ಆದೇಶ ಬಂದಾಗ ಬರಲಿ. ಅವಸರ ಇಲ್ಲ."

ಟೈಪಕ್ಕ ಸಾಹೇಬರ ಬಳಿ ಓಡಿದಳು. ಸಾಹೇಬರು ಬಾಗಿಲ ಸಂದಿಯಿಂದ ಛತ್ರಿಯನ್ನು ನೋಡಿದರು.

"ಮೇಲಿಂದ ಏನಾದ್ರೂ ಇರಬಹುದು ಮೇಡಂ. ನಿಮ್ಮ ವಿಡಿಯೊದಲ್ಲಿ ಇದ್ರಲ್ಲ. ನಾವು ಎಬ್ಬಿಸೋದು, ನಾಳೆ ಆದೇಶ ಬರೋದು, ಆಮೇಲೆ ನನ್ನನ್ನ..." ಗಾಳಿಯಲ್ಲಿ ಕೈ ಆಡಿಸಿ ತಾವು ಕರಗುವುದನ್ನು ತೋರಿಸಿದರು. "ಇರಲಿ. ನೋಡೋಣ."

ಎಂಟು ದಿನ ಅವರು ಬಂದರು. ಹತ್ತಕ್ಕೆ ಛತ್ರಿ ಮೊಳೆಗೆ, ಐದಕ್ಕೆ ಛತ್ರಿ ಕೈಗೆ. ಹೊಸ ಹಿರಿಯ ಗುಮಾಸ್ತೆ ಗಿಡ್ಡಕಾಲಿನ ಕುರ್ಚಿಯಲ್ಲಿ ನೀಲಿ ದಿಂಬನ್ನು ಮಡಿಲಲ್ಲಿಟ್ಟುಕೊಂಡು ಟೈಪು ಮಾಡಿದಳು. ನಾದಿನಿ ಫೋನು ಮಾಡಿ "ಹೊಸ ಕುರ್ಚಿ ಹೇಗಿದೆ ಅತ್ತಿಗೆ?" ಎಂದರೆ "ಗಾಲಿ ಚೆನ್ನಾಗಿ ತಿರುಗುತ್ತೆ" ಎಂದಳು. ಅದು ಸುಳ್ಳಲ್ಲ, ತಿರುಗುವುದು ಅವಳಿಗೆ ದಿನವೂ ಕಾಣುತ್ತಿತ್ತು.

ಒಂಬತ್ತನೆಯ ದಿನ ಅವಳು ಗಟ್ಟಿ ಮನಸ್ಸು ಮಾಡಿದಳು. ವಿಡಿಯೊದ ಫೈಲು ತೆರೆದು ಹಿರಿಯ ಗುಮಾಸ್ತರ ಲೇಯರನ್ನು ಆರಿಸಿಕೊಂಡಳು. ಕೊನೆಯ ಗುರುತಿನ ಮೇಲೆ ನೂರನ್ನು ಅಳಿಸಿ ಸೊನ್ನೆ ಬರೆಯುವುದೊಂದು ಬಾಕಿ. ಆಗ ಫೋನು ಬಂತು. ಹಿರಿಯ ಗುಮಾಸ್ತರ ಹೆಂಡತಿ.

"ಟೈಪಕ್ಕ ಅಂದ್ರೆ ನೀನೇನಾ ತಾಯಿ? ನಿನಗೆ ಎಷ್ಟು ಪುಣ್ಯ ಬರಬೇಕೋ. ಇವರನ್ನ ಆಫೀಸಲ್ಲೇ ಇಟ್ಕೊಂಡೆಯಲ್ಲ."

"ಅಮ್ಮಾ, ಅದು..."

"ಮೂವತ್ತೆಂಟು ವರ್ಷ ಕಣಮ್ಮ, ಹತ್ತರಿಂದ ಐದರವರೆಗೆ ಮನೆ ನನ್ನದಾಗಿತ್ತು. ರೇಡಿಯೊ ನನ್ನದು, ಕಿಟಕಿ ನನ್ನದು. ಬೀಳ್ಕೊಡುಗೆ ಆದ ಮರುದಿನ, ಶನಿವಾರ, ಒಂದು ದಿನ ಮನೇಲಿದ್ರು ನೋಡು. ಡಬ್ಬಗಳಿಗೆಲ್ಲ ನಂಬರ್ ಹಾಕಿದ್ರು. ಸಕ್ಕರೆ ಹದಿನಾಲ್ಕು ಅಂತೆ. ನನ್ನನ್ನ ಯಾಕೆ ಹನ್ನೊಂದು ಗಂಟೆಗೆ ಮಲಗಿದ್ದೀಯ ಅಂತ ಕಾರಣ ಕೇಳಿದ್ರು. ದಮ್ಮಯ್ಯ, ಅವರನ್ನ ಮನೆಗೆ ಕಳಿಸಬೇಡ."

ಟೈಪಕ್ಕ ಫೋನು ಇಟ್ಟು ಪರದೆ ನೋಡಿದಳು. ಕುರ್ಚಿ ನೋಡಿದಳು. ಮಡಿಲ ದಿಂಬು ನೋಡಿದಳು. ಅಲ್ಲಿ ಹನ್ನೊಂದು ಗಂಟೆಗೆ ಮಲಗಬೇಕಾದ ಹೆಂಗಸು, ಇಲ್ಲಿ ಹತ್ತೊಂಬತ್ತು ವರ್ಷದಿಂದ ಸುತ್ತೋಲೆಯ ಮೇಲೆ ಸಮತೋಲ ಮಾಡಿಕೊಂಡು ಕೂತ ಹೆಂಗಸು. ನಡುವೆ ಒಬ್ಬ ಗಂಡಸು ಮತ್ತು ಒಂದು ಛತ್ರಿ. ಅವರು ಸೊನ್ನೆ ಆಗುವ ಹಾಗಿರಲಿಲ್ಲ, ನೂರಾಗಿ ಈ ಕುರ್ಚಿಯಲ್ಲಿ ಇರುವ ಹಾಗೂ ಇರಲಿಲ್ಲ.

ಆಗ ಅವಳಿಗೆ ಅಟೆಂಡರ್ ಜಾರಿ ಬಂದದ್ದು ನೆನಪಾಯಿತು. ಮನುಷ್ಯರನ್ನು ಮಸುಕು ಮಾಡಬೇಕೆಂದೇನಿಲ್ಲ, ಸರಿಸಲೂಬಹುದು.

ಕಚೇರಿಯ ಬಾಗಿಲಲ್ಲಿ 'ವಿಚಾರಣೆ' ಎಂದು ಬೋರ್ಡು ಹಾಕಿದ ಕಿಂಡಿಯೊಂದಿತ್ತು. ಅದರ ಹಿಂದೆ ಯಾರಾದರೂ ಕೂತದ್ದನ್ನು ಊರಿನಲ್ಲಿ ಜೀವಂತ ಇರುವವರು ಯಾರೂ ಕಂಡಿರಲಿಲ್ಲ. ಟೈಪಕ್ಕ ಅದರ ಫೋಟೊ ತೆಗೆದಳು. ಹಿರಿಯ ಗುಮಾಸ್ತರು ಊಟದ ಡಬ್ಬಿ ತೊಳೆಯಲು ಹೋದಾಗ ಗಾಲಿ ಕುರ್ಚಿಯ ಮೇಲೆ ದಿಂಬು ಹಾಕಿ ಕೂತಳು. ಫೋನನ್ನು ಅಟೆಂಡರನ ಕೈಗೆ ಕೊಟ್ಟಳು.

"ತೆಗಿ."

"ನಗ್ರೀ ಅಕ್ಕ."

"ನಗು ಬೇಡ. ಹೀಗೇ ತೆಗಿ."

ಹೊಸ ವಿಡಿಯೊದಲ್ಲಿ ಎರಡೇ ಲೇಯರು. ಹಿರಿಯ ಗುಮಾಸ್ತರು ನೂರಕ್ಕೆ ನೂರು, ಒಂದಿಷ್ಟೂ ಮಾಸದೆ, ಛತ್ರಿ ಸಮೇತ ಕಿಟಕಿಯ ಪಕ್ಕದಿಂದ ಗಂಭೀರವಾಗಿ ಜಾರಿ ಹೋಗಿ ವಿಚಾರಣೆಯ ಕಿಂಡಿಯ ಹಿಂದೆ ನೆಲೆಯಾಗುತ್ತಾರೆ. ಖಾಲಿಯಾದ ಕುರ್ಚಿಯಲ್ಲಿ ಸೊನ್ನೆಯಿಂದ ನೂರಕ್ಕೆ ಒಬ್ಬ ಹೆಂಗಸು ಮೂಡುತ್ತಾಳೆ. ಯಾವ ಲೇಯರ್ ಹಿಡಿದಿದ್ದೇನೆ ಎಂದು ಈ ಸಲ ಮೂರು ಬಾರಿ ನೋಡಿಕೊಂಡಳು. ಕೊನೆಯವರೆಗೂ ನೋಡಿದಳು. ಆಮೇಲೆ, ಒಂದು ಮಾತೂ ಬರೆಯದೆ, ಕಚೇರಿಯ ಗುಂಪಿಗೆ ಕಳಿಸಿದಳು.

ಮರುದಿನ ಹತ್ತಕ್ಕೆ ಛತ್ರಿ ವಿಚಾರಣೆಯ ಕಿಂಡಿಯ ಪಕ್ಕದ ಮೊಳೆಯಲ್ಲಿತ್ತು. "ಜನಸಂಪರ್ಕ ಅಂದ್ರೆ ಸುಮ್ನೆ ಅಲ್ಲ, ಅನುಭವಸ್ಥರೇ ಬೇಕು," ಎಂದು ಹಿರಿಯ ಗುಮಾಸ್ತರು ಕ್ಯಾಷಿಯರಿಗೆ ಹೇಳುತ್ತಿದ್ದರು. ಸಂಬಳದ ಮಾತು ಅವರೂ ಎತ್ತಲಿಲ್ಲ, ಯಾರೂ ಎತ್ತಲಿಲ್ಲ. ನಲ್ಲಿಯಲ್ಲಿ ನೀರು ಬರದ ದೂರು ಹಿಡಿದು ಬಂದ ಮುದುಕಿಯೊಬ್ಬಳು ಕಿಂಡಿಯಲ್ಲಿ ಮನುಷ್ಯನ ಮುಖ ಕಂಡು ಎರಡು ಹೆಜ್ಜೆ ಹಿಂದೆ ಸರಿದಳು. ಅವಳ ದೂರಿಗೆ ಅವರು ಹದಿನಾಲ್ಕು ಎಂದು ನಂಬರು ಹಾಕಿದರು.

ಒಳಗೆ ಗಾಲಿ ಕುರ್ಚಿಯಲ್ಲಿ, ನೀಲಿ ದಿಂಬಿನ ಮೇಲೆ, ಹಿರಿಯ ಗುಮಾಸ್ತೆ ಕೂತಿದ್ದಳು. ಎರಡು ಕೈಗಳನ್ನೂ ಕುರ್ಚಿಯ ಕೈಗಳ ಮೇಲೆ ಇಟ್ಟಿದ್ದಳು. ಸಾಹೇಬರು ತಮ್ಮ ಕೋಣೆಯಿಂದ ಬಂದು ಮೇಜಿನ ಮುಂದೆ ನಿಂತರು. ಕೈಯಲ್ಲಿ ಫೋನಿತ್ತು. ಹಿಂದೆ, ಫ್ಯಾನಿನ ಕೆಳಗೆ, ಸ್ಟೂಲಿನ ಮೇಲೆ ಅಟೆಂಡರ್ ತಂಪಾಗಿ ಕೂತಿರುವುದು ತೆರೆದ ಬಾಗಿಲಲ್ಲಿ ಕಾಣುತ್ತಿತ್ತು.

"ಮೇಡಂ, ಹೊಸದು ನೋಡಿದೆ. ಚೆನ್ನಾಗಿದೆ. ಆದರೆ ಅದರಲ್ಲಿ ನಾನು ಎಲ್ಲೂ ಕಾಣಲಿಲ್ಲ."

"ಹೌದು ಸರ್. ನೀವು ಚೌಕಟ್ಟಿನಿಂದ ಹೊರಗಿದ್ದೀರಿ."

ಈಚೆಗೆ ಊಟ ಸೇರದೆ ಸಡಿಲವಾಗಿದ್ದ ಪ್ಯಾಂಟನ್ನು ಸಾಹೇಬರು ಸೊಂಟಕ್ಕೆ ಎಳೆದುಕೊಂಡರು. "ಹೊರಗೆ ಅಂದ್ರೆ... ಸ್ವಲ್ಪ ಒಳಗೆ ತರೋಕಾಗಲ್ವಾ?"

ಟೈಪಕ್ಕ ಡ್ರಾಯರಿನ ಬೀಗ ತೆಗೆದಳು. ಸಾಹೇಬರು ಮರ್ಯಾದೆಯಿಂದ ಮುಖ ಆ ಕಡೆ ತಿರುಗಿಸಿಕೊಂಡರು. ಅವಳು ಒಂದು ಬಿಸ್ಕತ್ತು ತೆಗೆದು, ಮತ್ತೆ ಬೀಗ ಹಾಕಿ, ಗಾಲಿ ಕುರ್ಚಿಯನ್ನು ಅರ್ಧ ಸುತ್ತು ತಿರುಗಿಸಿದಳು.

"ನೋಡೋಣ ಸರ್," ಎಂದಳು.